ಉಳ್ಳಾಗಡ್ಡಿಯ ಮೊಗ್ಗು

ಬೆಳಗ್ಗೆ ಬಾಲ್ಕನಿಗೆ ಬಂದ ಅಮರಯ್ಯ ಮಾಸ್ತರರ ಎದೆ ಧಸಕ್ಕೆಂದಿತು. ನಿನ್ನೆ ಸಂಜೆಯವರೆಗೂ ಕುಂಡದಲ್ಲಿ ನೆಟ್ಟಗೆ ನಿಂತಿದ್ದ ಉಳ್ಳಾಗಡ್ಡಿಯ ಹೂದಂಟುಗಳು ಇರಲಿಲ್ಲ. ಮೊಗ್ಗೂ ಮಾಯ!

ತಾರ್ನಾಕದ ಕಾಲೇಜಿನಲ್ಲಿ ಹಂಗಾಮಿಯಾಗಿಯೇ ತಲೆ ನರೆಸಿಕೊಂಡ ಮಾಸ್ತರರು ಕಾಯಂ ಆಗುವುದಿದ್ದರೆ ಇವತ್ತೇ ಆಗಬೇಕು. ಆಯ್ಕೆ ಕಮಿಟಿಯ ಮುಂದೆ ಎಳೆ ಮೊಗ್ಗು ಜಜ್ಜಿ, ಪರಾಗ ಹುಟ್ಟುವಾಗ ಜೀವಕೋಶ ಒಡೆಯುವ ಬಗೆಯನ್ನು, ಅಂದರೆ ಮೈಯೋಸಿಸ್ಸನ್ನು, ಸೂಕ್ಷ್ಮದರ್ಶಕದಲ್ಲಿ ತೋರಿಸಬೇಕು. ತೀರಿಹೋದ ಹೆಂಡತಿ ಗಂಗಾ ನೆಟ್ಟ ಗಡ್ಡೆಗಳೇ ಕೈಹಿಡಿಯುತ್ತವೆ ಎಂದು ಕಾದಿದ್ದರು, ಪಾಪ.

ಗಿಡ್ಡ ಗೋಡೆಯಾಚೆ ಪಕ್ಕದ ಮನೆಯ ಸಾವಿತ್ರಿಬಾಯಿ ಕಾಣಿಸಿಕೊಂಡರು.

"ನಾನಽ ಕೊಯ್ದೀನ್ರಿ ಮಾಸ್ತರ್ರ. ನಿಮಗಂತ ಪಲ್ಯ ಮಾಡಾಕತ್ತೀನಿ. ಆದ್ರ..."

"ನನ್ನ ಹೊಟ್ಟಿ ಮ್ಯಾಲೆ ಕಲ್ಲು ಹಾಕಿದ್ರಲ್ರಿ ವೈನಿ!"

"ಅಲ್ರಿ, ಒಂದ್ಮಾತು ಕೇಳ್ರಿ..."

"ಏನೂ ಹೇಳಬ್ಯಾಡ್ರಿ!"

ಗದ್ದಲಕ್ಕೆ ಮೇಲಿನ ಮನೆಯ ಬಸವರಾಜ ಲುಂಗಿಯಲ್ಲೇ ಇಳಿದು ಬಂದ. "ಉಳ್ಳಾಗಡ್ಡಿಗೆ ಇಷ್ಟ್ಯಾಕ ಒದರಾಡ್ತೀರಿ?" ಎಂದು ತನ್ನ ಫ್ರಿಜ್ಜಿನ ಉಳ್ಳಾಗಡ್ಡಿ ಸೊಪ್ಪಿನ ಸಿವುಡನ್ನು ತಂದು ಮಾಸ್ತರರ ಕೈಗೆ ತುರುಕಿದ. ಅದರಲ್ಲಿ ಮೊಗ್ಗಿರಲಿಲ್ಲ, ಬೇರಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ! ಮಾಸ್ತರರು ಅದನ್ನೇ ಹಿಡಿದು ಕಾಲೇಜಿಗೆ ಓಡಿದರು.

ಆದರೆ ಬೇರಿನ ತುದಿಯಲ್ಲಿ ಜೀವಕೋಶ ತನ್ನಂಥದೇ ಎರಡಾಗುತ್ತದೆ, ಅಷ್ಟೇ. ಮೈಯೋಸಿಸ್ ನಡೆಯುವುದು ಮೊಗ್ಗಿನೊಳಗೆ. ಕಮಿಟಿಯ ಅಧ್ಯಕ್ಷರು ಇಣುಕಿ ನೋಡಿ ಅಡ್ಡಡ್ಡ ತಲೆಯಾಡಿಸಿದರು. ಮಾಸ್ತರರು ಗಡಬಡಿಸಿ ಬೋರ್ಡಿಗೆ ತಿರುಗಿದರು. ಕ್ರೋಮೋಸೋಮುಗಳು ಮೊದಲು ಜೋಡಿಯಾಗುತ್ತವೆ, ಒಂದಕ್ಕೊಂದು ಅಂಟಿಕೊಂಡು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಆಮೇಲೆ ನಡುವೆ ಸಾಲಾಗಿ ನಿಂತು ಒಂದು ಅತ್ತ, ಒಂದು ಇತ್ತ ಅಗಲುತ್ತವೆ ಎಂದರು. "ಅಗಲಿದ ಮೇಲೂ ಒಂದರ ತುಂಡು ಇನ್ನೊಂದರಲ್ಲಿ..." ಮೈಯೋಸಿಸ್‌ನ ಎರಡನೆಯ ವಿಭಜನೆಗೆ ಬರುವಷ್ಟರಲ್ಲಿ ಅಧ್ಯಕ್ಷರು ಮುಂದಿನವರನ್ನು ಕರೆದಾಗಿತ್ತು.

ಸಂಜೆ ಸಾವಿತ್ರಿಬಾಯಿ ರೊಟ್ಟಿ, ಪಲ್ಯ ತಂದಿಟ್ಟರು.

"ಗಂಗಾ ಹೋಗಿ ಇವತ್ತಿಗೆ ವರ್ಷಾತಲ್ರಿ. ಅಕೀನಽ ಕಲಿಸಿದ ಪಲ್ಯ ಇದು."

ಮಾಸ್ತರರು ಬೆಚ್ಚಿದರು. ಮೈಯೋಸಿಸ್‌ನ ಒಂದೊಂದು ಹಂತವೂ ಬಾಯಿಪಾಠವಿತ್ತು, ಈ ದಿನ ಮಾತ್ರ ಮರೆತಿತ್ತು.

ಸಾವಿತ್ರಿಬಾಯಿ ಸೆರಗಿನಡಿಯಿಂದ ಪುಟ್ಟ ಡಬ್ಬಿ ತೆಗೆದರು. "ಮೊಗ್ಗು ಕಹಿ, ದಂಟಷ್ಟಽ ಹಾಕ್ರಿ ಅಂತಿದ್ಲು. ಅದಕ್ಕ ಮೊಗ್ಗೆಲ್ಲಾ ತಗದಿಟ್ಟಿದ್ದೆ. ಮುಂಜಾನೆ ಅದನ್ನಽ ಹೇಳಾಕ ಬಂದ್ರ, ನೀವು ಎಲ್ಲಿ ಬಾಯಿ ತಗಿಯಾಕ ಬಿಟ್ರಿ?"

ಡಬ್ಬಿಯಲ್ಲಿ ಅಷ್ಟೂ ಮೊಗ್ಗುಗಳು ಬಾಡಿ ಬಿದ್ದಿದ್ದವು. ಮಾಸ್ತರರು ತುತ್ತು ಬಾಯಿಗಿಟ್ಟರು. ಥೇಟ್ ಗಂಗಾಳ ಕೈರುಚಿ. ಕಣ್ಣು ತುಂಬಿಬಂತು.

"ಖಾರ ಆತೇನ್ರಿ?"

"ಉಳ್ಳಾಗಡ್ಡಿ ಅಲ್ಲೇನ್ರಿ ವೈನಿ..."

ಬೆಂದ ಉಳ್ಳಾಗಡ್ಡಿ ಯಾರನ್ನೂ ಅಳಿಸುವುದಿಲ್ಲವೆಂದು ಸಾವಿತ್ರಿಬಾಯಿಗೆ ಗೊತ್ತಿತ್ತು. ಅವರು ಇನ್ನೊಂದು ರೊಟ್ಟಿ ಬಡಿಸಿದರು.