ನೆರಳು ಬೀಳದ ದೀಪ

"ನಿನ್ನ ಹೊಲಿಗೆ ಮಿಷನ್ ಮೇಲೆ ಒಂದು ದೀಪ ಮಾಡಿ ಹಾಕ್ತೀನಿ, ನೋಡ್ತಿರು. ಅಂಗಡೀದಲ್ಲ, ನನ್ನ ಕೈಯಾರೆ ಮಾಡಿದ್ದು. ನಿನ್ನ ಕೈಯ ನೆರಳು ಕೂಡ ಬಟ್ಟೆ ಮೇಲೆ ಬೀಳಬಾರದು, ಹಾಗೆ!"

ಮದುವೆಯಾದ ಹೊಸತರಲ್ಲಿ, ಸೂಜಿಗೆ ದಾರ ಪೋಣಿಸಲು ಹೆಂಡತಿ ಕಣ್ಣು ಕಿರಿದು ಮಾಡಿದ್ದನ್ನು ಕಂಡು ಗಂಡ ಆಡಿದ ಮಾತು ಇದು. ಹೊಸ ಗಂಡನ ಮಾತಿಗೂ ಹೊಸ ಚಪ್ಪಲಿಯ ಸದ್ದಿಗೂ ಹೆಚ್ಚು ವ್ಯತ್ಯಾಸವಿಲ್ಲ. ನಾಲ್ಕು ದಿನ ಕಿರ್ರೆಂದು ಆಮೇಲೆ ಸುಮ್ಮನಾಗುತ್ತದೆ. ಮಗಳು ಹುಟ್ಟಿದಳು, ಅವಳ ಹಾಲುಹಲ್ಲು ಬಿದ್ದವು, ಬೇರೆ ಹಲ್ಲು ಬಂದವು. ಈಗ ಓದುವುದಕ್ಕೆ ಬೆಳಕಿರುವ ಗೆಳತಿಯ ಮನೆಗೆ ಹೋಗುವಷ್ಟು ದೊಡ್ಡವಳಾಗಿದ್ದಳು. ಮಿಷನ್ ಮೇಲೆ ಮಾತ್ರ ಅದೇ ಹಳದಿ ಬಲ್ಬು.

ಹೆಂಡತಿ ಒಂದು ದಿನವೂ ದೀಪ ಎಲ್ಲಿ ಎಂದು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಬಂದ ನೆಂಟರಿಗೆ ಮಾತ್ರ, "ಕೂತ್ಕೊಳ್ಳಿ, ನಮ್ಮವರು ದೀಪ ಮಾಡ್ತಿದಾರೆ, ಇನ್ನೇನು ಆಗ್ಬಿಡುತ್ತೆ, ನೋಡ್ಕೊಂಡೇ ಹೋಗಿ," ಎನ್ನುತ್ತಿದ್ದಳು. ನೆಂಟರು ನಗುತ್ತಿದ್ದರು. ಅವನೂ ನಗುತ್ತಿದ್ದ. ಹಲ್ಲುನೋವಿನವನು ಫೋಟೋಗೆ ನಗುವ ಹಾಗೆ.

ಅವನಿಗೆ ಗೋದಾಮಿನಲ್ಲಿ ಪಾರ್ಸಲ್ ತೂಗುವ ಕೆಲಸ. ಜೊತೆಯವರು ಇಟ್ಟ ಹೆಸರು ತೂಕಪ್ಪ. ಏನನ್ನು ಕೇಳಿದರೂ ಅಳೆದು ತೂಗಿ, ಮತ್ತೆ ಅಳೆದು, ಕೊನೆಗೆ ಏನೂ ಮಾಡದೆ ಇರುವುದು ಅವನ ಸ್ವಭಾವವಾದ್ದರಿಂದ ಆ ಹೆಸರು ಮೈಗೆ ಹೊಲಿದ ಅಂಗಿಯಂತೆ ಕೂತಿತ್ತು.

ಹೀಗಿರುವಾಗ ಹೆಂಡತಿಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಹೋಟೆಲೊಂದರಲ್ಲಿ ಊಟ ಬಡಿಸುವವರಿಗೆ ತೋಳಿಲ್ಲದ ಕಪ್ಪು ಕೋಟು. "ಇದು ಅಚ್ಚುಕಟ್ಟಾಗಿ ಬಂದ್ರೆ, ವರ್ಷವಿಡೀ ನಮ್ಮ ಹೊಲಿಗೆಯೆಲ್ಲ ನಿಮಗೇ," ಎಂದಿದ್ದ ಹೋಟೆಲಿನ ಮ್ಯಾನೇಜರ್. ಆಸೆಗೆ ಬಿದ್ದು ಅವಳು ಹಗಲೂ ಸಂಜೆಯೂ ಹೊಲಿದಳು. ಮಿಷನ್ ಇದ್ದದ್ದು ಅಡುಗೆಮನೆಗೆ ತಾಗಿದ ಮೂಲೆಯಲ್ಲಿ. ಅಲ್ಲಿಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಎಟುಕುತ್ತಿತ್ತು; ಸೂರ್ಯನಿಗೆ ಆ ವಿಳಾಸವೇ ಗೊತ್ತಿರಲಿಲ್ಲ. ಕಣ್ಣು ಉರಿ ಬಂದು ಡಾಕ್ಟರ ಬಳಿ ಹೋದಳು. ತಿರುಗಿ ಬಂದು ಬ್ಯಾಗು ಇಳಿಸಿ ಹೇಳಿದ್ದು ಇಷ್ಟೇ: "ಹೀಗೇ ಹೊಲಿದ್ರೆ ಕಣ್ಣು ಹೋಗುತ್ತೆ ಅಂದ್ರು. ದೀಪ ಇಲ್ವೇನಮ್ಮ ಅಂತ ಕೇಳಿದ್ರು. ಮಾಡ್ತಿದಾರೆ ಅಂದೆ."

ಭಾನುವಾರ ಬೆಳಗ್ಗೆ ಹಲ್ಲುಜ್ಜಿದವನೇ ತೂಕಪ್ಪ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಹೊರಟ. ಅದೇ ಸಂಜೆ ಮ್ಯಾನೇಜರ್ ಕೋಟು ನೋಡಲು ಬರುವವನಿದ್ದ; ಇನ್ನೂ ಒಂದೆರಡು ಹೊಲಿಯುವುದು ಬಾಕಿಯಿತ್ತು. ಆ ಕೊನೆಯ ಕೋಟಾದರೂ ತನ್ನ ಬೆಳಕಿನಲ್ಲಿ ಆಗಬೇಕು ಎಂಬುದು ತೂಕಪ್ಪನ ಹಟ.

"ಎಲ್‌ಇಡಿ ದೀಪ ಮಾಡ್ಬೇಕು, ಮನೇಲಿ," ಎಂದ.

"ಮಾಡಿರೋದೇ ಇದೆಯಲ್ಲ, ತಗೊಂಡ್ಹೋಗಿ," ಎಂದ ಅಂಗಡಿಯವನು.

"ಇಲ್ಲ, ನಾನೇ ಮಾಡ್ಬೇಕು. ಮಾತು ಕೊಟ್ಟಿದೀನಿ."

ಅಂಗಡಿಯವನು ಕೈ ಮುರಿದುಕೊಂಡು ಬಂದವನನ್ನು ಕಾಂಪೌಂಡರ್ ನೋಡುವ ಹಾಗೆ ನೋಡಿ, ಗೇಣುದ್ದದ ನಾಲ್ಕು ಎಲ್‌ಇಡಿ ಪಟ್ಟಿ, ಅವನ್ನು ಕೂರಿಸಲು ಒಂದು ಅಲ್ಯೂಮಿನಿಯಂ ಪಟ್ಟಿ, ವಯರು ತೆಗೆದಿಟ್ಟ. "ಡ್ರೈವರ್ ಯಾವುದು ಕೊಡ್ಲಿ?"

ಗೋಡೆಯ ಕರೆಂಟಿನ ಸೊಕ್ಕು ಮುರಿದು, ಎಲ್‌ಇಡಿ ತಾಳುವಷ್ಟು ಮಾತ್ರ ಕೊಡುವ ಅಂಗೈಯಗಲದ ಪೆಟ್ಟಿಗೆಗೆ ಡ್ರೈವರ್ ಎನ್ನುತ್ತಾರೆಂಬುದು ತೂಕಪ್ಪನಿಗೆ ಗೊತ್ತಿತ್ತು. ಅದರಲ್ಲೂ ಒಳಪಂಗಡ ಇದೆಯೆಂಬುದು ಗೊತ್ತಿರಲಿಲ್ಲ.

"ವೋಲ್ಟ್ ಒಂದೇ ಸಮ ಕೊಡೋದಾ, ಕರೆಂಟ್ ಒಂದೇ ಸಮ ಕೊಡೋದಾ?"

"ಎರಡೂ ಒಂದೇ ಸಮ ಕೊಡೋದು ಇಲ್ವಾ?"

"ಎಲ್ಲಾ ಒಂದೇ ಸಮ ಆಗೋದು ಸತ್ತ ಮೇಲೇನೇ ಸ್ವಾಮಿ. ಬೇಗ ಹೇಳಿ, ಗಿರಾಕಿಗಳು ನಿಂತಿದಾರೆ."

ತೂಕಪ್ಪ ಒಂದೊಂದು ಕೈಯಲ್ಲಿ ಒಂದೊಂದು ಪೆಟ್ಟಿಗೆ ಹಿಡಿದು ತೂಗಿದ. ತೂಕ ಇದ್ದದ್ದರಲ್ಲಿ ಸತ್ವ ಇರುತ್ತದೆ ಎಂಬುದು ಗೋದಾಮಿನ ವೇದ. ಭಾರವಾದದ್ದನ್ನೇ ಕೊಂಡ. ಅದು ವೋಲ್ಟಿನದು.

ಮನೆಯ ಮೆಟ್ಟಿಲಲ್ಲೇ ಕೆಳಮನೆಯ ನಿವೃತ್ತ ಲೈನ್‌ಮನ್ ಕೂತಿದ್ದ. ಕಂಬ ಹತ್ತುವುದು ನಿಂತ ಮೇಲೆ ಕಂಡವರ ಮನೆಯ ವಿಷಯಕ್ಕೆ ಹತ್ತುವುದು ಅವನ ಕಸುಬಾಗಿತ್ತು.

"ಏನ್ರೀ ಅದು ಪೊಟ್ಟಣ? ಎಲ್‌ಇಡಿನಾ? ಯಾರು ವಯರಿಂಗ್ ಮಾಡೋದು? ನೀವಾ? ಸರಿಹೋಯ್ತು! ನಡೀರಿ, ನಡೀರಿ."

ಒಳಗೆ ಭಾವಮೈದ ಕಾಲು ಚಾಚಿಕೊಂಡು ಮೊಬೈಲು ನೋಡುತ್ತಿದ್ದ. ಕೆಲಸ ಹುಡುಕುತ್ತೇನೆಂದು ಅಕ್ಕನ ಮನೆಗೆ ಬಂದವನು, ಸೋಫಾದ ಕೆಳಗೊಂದು ಬಿಟ್ಟು ಬೇರೆಲ್ಲೂ ಹುಡುಕಿರಲಿಲ್ಲ.

"ಭಾವ, ನಾನು ಇದರ ವೀಡಿಯೋ ಎಲ್ಲಾ ನೋಡಿದೀನಿ. ನೀವು ಸುಮ್ನೆ ಸ್ಕ್ರೂ ಡ್ರೈವರ್ ಹಿಡ್ಕೊಂಡು ನಿಂತ್ಕೊಳ್ಳಿ, ಸಾಕು."

"ಸರಣಿ ಹಾಕ್ಬೇಕು," ಎಂದ ಲೈನ್‌ಮನ್. "ಒಂದರ ಬಾಲಕ್ಕೆ ಇನ್ನೊಂದರ ತಲೆ. ಕ್ಯೂ ನಿಂತ ಹಾಗೆ. ಶಿಸ್ತು!"

"ಅಯ್ಯೋ ಸಾರ್, ಅದು ನಿಮ್ಮ ಕಾಲದ್ದು. ಎಲ್ಲಾ ಪಟ್ಟೀನೂ ಪಕ್ಕಪಕ್ಕ, ಎಲ್ಲಕ್ಕೂ ನೇರವಾಗಿ ಡ್ರೈವರಿಂದ. ಈಗ ಎಲ್ಲರೂ ಸಮಾನ."

"ಸಮಾನ ಅಂತ ಕೂತಿದ್ದಕ್ಕೇ ನಿಂಗೆ ಕೆಲಸ ಸಿಕ್ಕಿಲ್ಲ."

ಮಿಷನ್ ಮುಂದೆ ಕೂತಿದ್ದ ಹೆಂಡತಿ ಹಲ್ಲಲ್ಲಿ ದಾರ ಕಡಿದು, "ಯಾರಾದ್ರೂ ಒಬ್ರು ಮಾಡಿ. ನನ್ನ ತಲೆ ಮೇಲೆ ಮೂರು ಜನ ನಿಂತ್ರೆ ಇರೋ ಬೆಳಕೂ ಇಲ್ಲ," ಎಂದಳು.

ವಯಸ್ಸಿಗೆ ಮರ್ಯಾದೆ ಕೊಟ್ಟು ಮೊದಲು ಸರಣಿ ಹಾಕಿದರು. ಸ್ವಿಚ್ ಒತ್ತಿದರೆ ಮಿಣುಕುಹುಳದಷ್ಟೂ ಬೆಳಕಿಲ್ಲ. ಒಂದು ಪಟ್ಟಿಗೆ ಸಾಲುವಷ್ಟು ವೋಲ್ಟನ್ನು ನಾಲ್ಕು ಪಟ್ಟಿಗೆ ಹಂಚಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲವಲ್ಲ.

"ನಿಮ್ಮ ಸಾಮಾನೇ ಸರಿಯಿಲ್ಲ," ಎಂದ ಲೈನ್‌ಮನ್.

"ಸರೀರಿ, ಸರೀರಿ," ಎಂದು ಭಾವಮೈದ ಎಲ್ಲ ಬಿಚ್ಚಿ ಪಕ್ಕಪಕ್ಕ ಜೋಡಿಸಿದ. ಈ ಸಲ ದೀಪ ಹತ್ತಿತು. ಹತ್ತಿತು ಎಂದರೆ, ಗೋಡೆಯ ಬಿರುಕು, ಜೇಡರ ಬಲೆ, ತೂಕಪ್ಪನ ತಲೆಯ ಬೋಳು ಎಲ್ಲವೂ ಒಟ್ಟಿಗೆ ಬಯಲಾಗುವಂತೆ ಧಗ್ಗೆಂದಿತು. "ನೋಡಿದ್ರಾ ಭಾವ!" ಎಂದು ಅವನು ಮೊಬೈಲು ಎತ್ತುವಷ್ಟರಲ್ಲಿ ಒಂದು ಪಟ್ಟಿ ಚಿರ್ರ್ ಎಂದು ಹೊಗೆ ಬಿಟ್ಟು ಕಣ್ಣು ಮುಚ್ಚಿತು.

"ಮೇನ್ ಆಫ್ ಮಾಡಿ, ಮೇನ್!" ಎಂದು ಕೂಗುತ್ತ ಲೈನ್‌ಮನ್ ಕೆಳಗೋಡಿದ. ಹಳೆಯ ಉತ್ಸಾಹದಲ್ಲಿ ಅವನು ಎಳೆದದ್ದು ತೂಕಪ್ಪನ ಮನೆಯದ್ದಲ್ಲ, ಇಡೀ ಕಟ್ಟಡದ ಫ್ಯೂಸು. ಎಳೆದ ರಭಸಕ್ಕೆ ಅದರ ಹಿಡಿ ಮುರಿದು ಕೈಗೆ ಬಂತು. ಲಿಫ್ಟಿನೊಳಗಿಂದ ಯಾರದೋ ಶಾಪ ಕೇಳಿಸಿತು. ಮಹಡಿ ಮಹಡಿಯಿಂದ ತಲೆಗಳು ಹೊರಬಂದವು.

"ಯಾರ್ರೀ ಅದು?"

"ತೂಕಪ್ಪನವರು ದೀಪ ಮಾಡ್ತಿದಾರೆ," ಎಂದು ಲೈನ್‌ಮನ್ ಕೆಳಗಿನಿಂದಲೇ ಎಲ್ಲರಿಗೂ ವರದಿ ಒಪ್ಪಿಸಿದ.

ಹೊಲಿಗೆ ಮಿಷನ್ ಮೋಟಾರಿನದು. ಅದೂ ನಿಂತಿತು. ಕತ್ತಲ ಮೂಲೆಯಲ್ಲಿ ಹೆಂಡತಿ ಮಡಿಲಲ್ಲಿ ಅರ್ಧ ಹೊಲಿದ ಕೋಟು ಇಟ್ಟುಕೊಂಡು ಕೂತಿದ್ದಳು. ಬೈಯಲಿಲ್ಲ. "ಇದ್ದ ದೀಪಾನೂ ಹೋಯ್ತಲ್ಲ," ಎಂದಳು, ಹವಾಮಾನ ಹೇಳುವವಳ ದನಿಯಲ್ಲಿ. ತೂಕಪ್ಪನಿಗೆ ಅವಳು ಕತ್ತರಿ ಎಸೆದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಸುಟ್ಟ ಪಟ್ಟಿ, ಭಾರದ ಡ್ರೈವರು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮತ್ತೆ ಬಸ್ಸು ಹತ್ತಿದ. ಕೂರಲು ಜಾಗ ಸಿಗಲಿಲ್ಲ. ಕಂಬ ಹಿಡಿದು ನಿಂತವನು ಸುಮ್ಮನೆ ಆ ಪಟ್ಟಿಯನ್ನು ಬೋರಲು ತಿರುಗಿಸಿದ. ಬೆನ್ನ ಮೇಲೆ ಇರುವೆಯಂಥ ಅಕ್ಷರದಲ್ಲಿ ಎಲ್ಲವೂ ಇತ್ತು: ಎಷ್ಟು ಕರೆಂಟು ಹರಿಯಬೇಕು, ಎಷ್ಟು ವೋಲ್ಟು ತಿನ್ನುತ್ತದೆ. ಬೆಳಗಿನಿಂದ ಮೂವರು ಮಹಾನುಭಾವರು ಅದರ ಮುಖ ನೋಡಿದ್ದರೇ ಹೊರತು ಒಬ್ಬನೂ ಬೆನ್ನು ನೋಡಿರಲಿಲ್ಲ. ತೂಕಪ್ಪ ಮನಸ್ಸಿನಲ್ಲೇ ಕೂಡಿಸಿದ. ಕರೆಂಟು ಮಿತಿ ಮೀರಿ ಹರಿದದ್ದಕ್ಕೇ ಪಟ್ಟಿ ಸುಟ್ಟದ್ದು; ಇವಕ್ಕೆ ಬೇಕಾದ್ದು ಒಂದೇ ಸಮ ಕರೆಂಟು ಕೊಡುವ ಡ್ರೈವರು. ನಾಲ್ಕನ್ನೂ ಸರಣಿಯಲ್ಲಿ ಹಾಕಿದರೆ ಎಲ್ಲದರೊಳಗೂ ಹರಿಯುವುದು ಅದೇ ಕರೆಂಟು. ನಾಲ್ಕರ ವೋಲ್ಟು ಸೇರಿ ಡ್ರೈವರಿನ ಮಿತಿಯೊಳಗಿದ್ದರೆ ಸಾಕು. ಇಷ್ಟೇ! ಜೀವಮಾನದಲ್ಲಿ ಮೊದಲ ಸಲ ಒಂದು ವಿಷಯ ಪೂರ್ತಿ ಅರ್ಥವಾದ ಖುಷಿಗೆ ಪಕ್ಕದವನ ಕಾಲು ತುಳಿದ.

ಅಂಗಡಿಯವನು ಬಾಗಿಲು ಅರ್ಧ ಎಳೆದಿದ್ದ. ತೂಕಪ್ಪ ಬಗ್ಗಿ, ಬಾಗಿಲ ಕೆಳಗಿನಿಂದಲೇ ವ್ಯಾಪಾರ ಮಾಡಿದ. ಸುಟ್ಟದ್ದಕ್ಕೆ ಬದಲು ಇನ್ನೊಂದು ಪಟ್ಟಿ, ಜೊತೆಗೆ ಹಗುರವಾದ ಡ್ರೈವರು ಕೊಂಡ. ಕೈಯಲ್ಲಿ ಹಿಡಿದಾಗ ಗೋದಾಮಿನ ವೇದಕ್ಕೆ ದ್ರೋಹ ಬಗೆದಂತೆ ಅನ್ನಿಸಿತು.

ಮನೆಗೆ ಬರುವಷ್ಟರಲ್ಲಿ ಕಟ್ಟಡದವರು ಚಂದಾ ಎತ್ತಿ ಹೊಸ ಫ್ಯೂಸು ಹಾಕಿಸಿ, ಅವನ ಹೆಸರಿಗೆ ಮಂಗಳಾರತಿ ಮುಗಿಸಿದ್ದರು. ಕೊನೆಯ ಕೋಟೂ ಹಳದಿ ಬಲ್ಬಿನಲ್ಲೇ ಮುಗಿದಿತ್ತು. ಈ ಸಲ ಅವನು ಯಾರಿಗೂ ಮುಟ್ಟಲು ಬಿಡಲಿಲ್ಲ. ಸ್ವಿಚ್ಚು ಆರಿಸಿ, ಪಟ್ಟಿಗಳನ್ನು ಅಂಟಿಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಬೆಸೆದು, ಅಲ್ಯೂಮಿನಿಯಮ್ಮಿಗೆ ಅರ್ತ್ ವಯರು ಕಟ್ಟಿ, ಇಡೀ ದೀಪವನ್ನು ಮಿಷನ್ನಿನ ನೆತ್ತಿಗೆ ಅಡ್ಡಲಾಗಿ ಗೋಡೆಗೆ ಬಿಗಿದ.

ಹತ್ತಿಸಿದ.

ಹಾಲು ಸುರಿದ ಹಾಗೆ ಬೆಳಕು ಇಳಿಯಿತು. ಮಿಟುಕಲಿಲ್ಲ, ಗುಂಯ್ ಎನ್ನಲಿಲ್ಲ. ತೂಕಪ್ಪ ಬಟ್ಟೆಯ ಮೇಲೆ ಕೈ ಹಿಡಿದು ಆಡಿಸಿದ. ನೆರಳಿಲ್ಲ.

"ನಾನು ಬೆಳಗ್ಗೇನೇ ಹೇಳಿರ್ಲಿಲ್ವಾ, ಸರಣಿ ಅಂತ?" ಎಂದ ಲೈನ್‌ಮನ್.

"ಅಲ್ಯೂಮಿನಿಯಂ ಪಟ್ಟಿ ಇದ್ರೆ ಬಿಸಿಯಾಗಲ್ಲ ಅಂತ ವೀಡಿಯೋದಲ್ಲಿ ಇತ್ತು," ಎಂದ ಭಾವಮೈದ. "ನಮ್ಮ ದೀಪದ ವಿಷಯ ಎಲ್ಲರಿಗೂ ಹೇಳ್ಬಿಟ್ಟು ಬರ್ತೀನಿ," ಎಂದು ಮೊಬೈಲು ಹಿಡಿದು ತಾರಸಿಗೆ ಓಡಿದ.

ಹೆಂಡತಿ ಮೇಲೆ ನೋಡಿದಳು. ಅವಳ ಮುಖದಲ್ಲಿ ಎಷ್ಟೋ ವರ್ಷದ ಹಿಂದಿನ ಹುಡುಗಿ ಒಂದು ಗಳಿಗೆ ಬಂದು ನಿಂತಳು. "ಮಾಡೇಬಿಟ್ರಲ್ಲ ರೀ," ಎಂದಳು. ಅವಳು ಮಡಿಸಿಟ್ಟ ಕೋಟುಗಳಲ್ಲಿ ಮೇಲಿನದನ್ನು ತೆಗೆದು ಬೆಳಕಿಗೆ ಹಿಡಿದಳು. ಕೆಳಗಿಟ್ಟಳು. ಇನ್ನೊಂದು ತೆಗೆದಳು. ಮತ್ತೊಂದು.

"ರೀ, ಈ ದಾರದ ಬಣ್ಣ ಯಾವುದು?"

ತೂಕಪ್ಪ ಬಗ್ಗಿ ನೋಡಿದ. ಕಪ್ಪು ಬಟ್ಟೆಯ ಮೇಲೆ, ಕಾಲರಿನಿಂದ ಜೇಬಿನವರೆಗೆ, ಸ್ಲೇಟಿನ ಮೇಲೆ ಗೆರೆ ಎಳೆದಂತೆ ನೀಲಿ ಹೊಲಿಗೆ ಓಡುತ್ತಿತ್ತು.

"ಕಪ್ಪು ದಾರ ತನ್ನಿ ಅಂದಿದ್ದೆ ನಿಮಗೆ."

"ಕಪ್ಪೇ ಕೊಡಿ ಅಂದಿದ್ದೆ ಕಣೇ. ಗೋದಾಮಿಂದ ಬರ್ತಾ, ಮೂಲೆ ಅಂಗಡೀಲಿ... ಅಲ್ಲೂ ಇಂಥದೇ ಹಳದಿ ಬಲ್ಬು."

"ನೋಡಿ ತರೋದಲ್ವಾ?"

"ನೀನು ಇಷ್ಟು ದಿನ ನೋಡಿ ಹೊಲೀಲಿಲ್ವಾ?"

ಹೆಂಡತಿ ಅವನನ್ನೇ ನೋಡಿದಳು. ಯಾವ ಬೆಳಕಲ್ಲಿ ಎಂದು ಅವಳು ಕೇಳಲಿಲ್ಲ. ಲೈನ್‌ಮನ್, "ಒಲೆ ಮೇಲೆ ಹಾಲಿಟ್ಟಿದ್ದೆ," ಎಂದು ಜಾರಿಕೊಂಡ.

ಕೆಳಗೆ ಸ್ಕೂಟರ್ ನಿಂತ ಸದ್ದಾಯಿತು. ಮ್ಯಾನೇಜರ್!

"ಆರಿಸಿ ಅದನ್ನ," ಎಂದಳು ಹೆಂಡತಿ.

"ಏನು?"

"ದೀಪ ಆರಿಸಿ ಅಂದೆ. ಹೋಟೆಲಿನ ಊಟದ ಕೋಣೇಲಿ ಇವರು ಹಾಕೋದೂ ಹಳದಿ ದೀಪಾನೇ. ಯಾರಿಗೆ ಕಾಣುತ್ತೆ? ಈ ಸಲಕ್ಕೆ ಹೋಗ್ಲಿ, ಮುಂದಿನ ಸಲ ಸರಿಯಾಗಿ ಹೊಲೀತೀನಿ."

ತನ್ನ ಕೈಯಾರೆ ಮಾಡಿದ ದೀಪವನ್ನು ತೂಕಪ್ಪ ತನ್ನ ಕೈಯಾರೆ ಆರಿಸಿದ. ಹಳದಿ ಬಲ್ಬು ಹತ್ತಿತು. ನೀಲಿ ಮತ್ತೆ ಕಪ್ಪಾಯಿತು, ಏನೂ ನಡೆದೇ ಇಲ್ಲವೆಂಬಂತೆ.

ಮ್ಯಾನೇಜರ್ ಕೂತು, ಒಂದೊಂದೇ ಕೋಟು ಎತ್ತಿ, ಒಳಹೊಲಿಗೆ ಎಳೆದು, ಗುಂಡಿ ತಿರುವಿ ನೋಡಿದ. "ಕೈ ಅಂದ್ರೆ ಇದು ಕಣ್ರೀ! ಒಂದು ಹೊಲಿಗೆ ಆಚೆ ಈಚೆ ಇಲ್ಲ. ವರ್ಷದ ಕೆಲಸದ ಮಾತು ಈಗಲೇ ಆಡಿ ಮುಗಿಸೋಣ. ಹೇಳಿ ಅಮ್ಮಾ."

ಹೆಂಡತಿ ಸೆರಗು ಸರಿಪಡಿಸಿಕೊಂಡು ಬಾಯಿ ತೆರೆದಳು. ಆಗ ತಾರಸಿಯಿಂದ ಮೂರು ಮೂರು ಮೆಟ್ಟಿಲು ಹಾರಿಕೊಂಡು ಭಾವಮೈದ ಬಂದ.

"ಅಯ್ಯೋ ಇದೇನ್ ಭಾವ, ಸಾರ್ ಬಂದಿದ್ರೂ ಈ ಮಂಕುದೀಪ ಹಾಕ್ಕೊಂಡು ಕೂತಿದೀರಲ್ಲ! ಇದರಲ್ಲಿ ಅಕ್ಕನ ಕೆಲಸ ಏನ್ ಕಾಣುತ್ತೆ?"

"ಬೇಡ ಕಣೋ..." ಎಂದು ತೂಕಪ್ಪ ಏಳುವಷ್ಟರಲ್ಲಿ,

"ಸಂಕೋಚ ನೋಡಿ ಸಾರ್ ನಮ್ಮ ಭಾವಂಗೆ. ಇವರೇ ಮಾಡಿದ್ದು!" ಎಂದು ಅವನು ಸ್ವಿಚ್ಚು ಒತ್ತಿದ.

ಮ್ಯಾನೇಜರ್ ಮಡಿಲಲ್ಲಿದ್ದ ಕೋಟನ್ನು ನೋಡಿದ, ಪಕ್ಕದ್ದನ್ನು ನೋಡಿದ, ಮೇಲಿನ ದೀಪ ನೋಡಿದ.

"ದೀಪ ಬಹಳ ಚೆನ್ನಾಗಿದೆ," ಎಂದ. "ನಾವೂ ಹೋಟೆಲಿಗೆಲ್ಲ ಈಗ ಇಂಥದೇ ಬಿಳೀದು ಹಾಕಿಸಿದ್ವಿ." ಎದ್ದು ನಿಂತು, ಕೋಟಿನ ಗಂಟನ್ನು ಮಿಷನ್ ಕಡೆಗೆ ಸರಿಸಿದ. "ಎಲ್ಲಾ ಬಿಚ್ಚಿ, ಕಪ್ಪು ದಾರ ಹಾಕಿ, ನಾಳೆ ಬೆಳಗ್ಗೆ ಕೊಡಿ. ವರ್ಷದ ಮಾತು ಆಮೇಲೆ ನೋಡೋಣ." ಆ 'ಆಮೇಲೆ'ಯನ್ನು ಅವನು ಹೇಳಿದ ರೀತಿಗೆ ಅದು ಎಂದೂ ಬರುವುದಿಲ್ಲವೆಂದು ಭಾವಮೈದನಿಗೂ ತಿಳಿಯಿತು. ಅವನು ಮೊಬೈಲು ಜೇಬಿಗಿಟ್ಟು, ಕೇಳುವ ಮೊದಲೇ ಕಪ್ಪು ದಾರ ತರಲು ಹೊರಟ.

ಹೆಂಡತಿ ಇನ್ನೊಂದು ಸ್ಟೂಲು ಎಳೆದು ಮಿಷನ್ ಪಕ್ಕಕ್ಕೆ ಹಾಕಿದಳು. ತೂಕಪ್ಪನ ಕೈಗೆ ಬ್ಲೇಡು ಕೊಟ್ಟಳು. "ಬಟ್ಟೆಗೆ ತಾಗಿಸ್ಬೇಡಿ," ಎಂದಳು.

ಇಬ್ಬರೂ ಕೂತು ಹೊಲಿಗೆ ಬಿಚ್ಚತೊಡಗಿದರು. ಬಟ್ಟೆಯ ಮೇಲೆ ಅವಳ ಕೈಯ ನೆರಳು ಬೀಳಲಿಲ್ಲ, ಅವನದೂ ಬೀಳಲಿಲ್ಲ. ಮದುವೆಯಾದ ಹೊಸತರಲ್ಲಿ ಕೊಟ್ಟ ಮಾತನ್ನು ತೂಕಪ್ಪ ಉಳಿಸಿಕೊಂಡ.