ಆರೂವರೆ ಕುದುರೆಯ ಎಂಜಿನ್ನು

ನಮ್ಮ ಮನೆಯಲ್ಲಿ ಮಾತಾಡುವವರು ಇಬ್ಬರು, ಕೇಳುವವಳು ನಾನೊಬ್ಬಳು. ಯಜಮಾನರು ಮಾತು ಶುರು ಮಾಡಿದರೆ ಮುಗಿಸುವುದಿಲ್ಲ, ಸೊಸೆ ಶುರು ಮಾಡಿದರೆ ಉಸಿರು ತೆಗೆದುಕೊಳ್ಳುವುದಿಲ್ಲ. (ಮಗನೊಬ್ಬನಿದ್ದಾನೆ. ಲಾರಿ ಓಡಿಸುತ್ತಾನೆ. ವಾರಕ್ಕೊಮ್ಮೆ ಬಂದು, ಉಂಡು, ಮಲಗುತ್ತಾನೆ. ಅವನು ಮಾತಾಡುವವರ ಪಂಕ್ತಿಗೂ ಇಲ್ಲ, ಕೇಳುವವರ ಪಂಕ್ತಿಗೂ ಇಲ್ಲ.) ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಮೂವತ್ತು ವರ್ಷ ಹಿಟ್ಟಿನ ಗಿರಣಿಯಲ್ಲಿ ದುಡಿದವಳು. ಅಕ್ಷರ ತಲೆಗೆ ಹತ್ತಲಿಲ್ಲ, ಯಂತ್ರದ ಭಾಷೆ ಕಿವಿಗೆ ಹತ್ತಿತು. ಗಿರಣಿಯ ಬೆಲ್ಟು ಒಂದು ಎಳೆ ಸಡಿಲವಾದರೂ ಮಾಲೀಕನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಆ ಕಿವಿಯ ಮೇಲೆ ನನಗಿದ್ದ ಜಂಬವೇ ಇಷ್ಟಕ್ಕೆಲ್ಲ ಕಾರಣ.

ನಮ್ಮ ಸೊಸೆ ಒಂದು ದೊಡ್ಡ ಕಟ್ಟಡದಲ್ಲಿ ನೆಲ ಒರೆಸುವ ಕೆಲಸದಲ್ಲಿದ್ದಳು. ಅಲ್ಲಿನ ಸೂಪರ್‌ವೈಸರ್ ಹೆಂಗಸು ಚಂದ್ರನ ಮೇಲೂ ಕಲೆ ಇದೆ ಎಂದು ಚಂದ್ರನಿಗೇ ನೋಟೀಸು ಕೊಡುವಂಥವಳು. ಒಂದು ದಿನ ಸೊಸೆ ಕೆಲಸ ಬಿಟ್ಟು ಬಂದಳು.

"ಅತ್ತೆ, ಸ್ವಂತ ಕ್ಲೀನಿಂಗ್ ಕೆಲಸ ಶುರು ಮಾಡ್ತೀನಿ. ಅಂಗಳ, ಕಾಂಪೌಂಡು, ಮೆಟ್ಟಿಲು, ಎಲ್ಲಾ ಪ್ರೆಶರ್ ವಾಷರಲ್ಲಿ ತೊಳೆಯೋದು!"

"ಒಳ್ಳೇದಾಯ್ತು ಬಿಡು. ಆ ಮಹಾತಾಯಿ ಏನಂದ್ಲು?"

"'ಒಂದು ತಿಂಗಳು ನೋಡ್ತೀನಿ. ನಿನ್ನ ಬಕೆಟ್ ಯಾರಿಗೂ ಕೊಡಲ್ಲ, ಮೂಲೇಲಿಟ್ಟಿರ್ತೀನಿ. ವಾಪಸ್ ಬಂದು ಹಿಡ್ಕೊಳ್ಳೋಕೆ ಬೇಕಲ್ಲ' ಅಂದ್ಲು."

ನಗುತ್ತಲೇ ಹೇಳಿದಳು. ಆದರೆ ಕೊನೆಯ ಮಾತಿಗೆ ಬಂದಾಗ ನಡುವೆಯೇ ನಿಂತು ಉಸಿರು ತೆಗೆದುಕೊಂಡಳು. ಅವಳು ಮಾತಿನ ನಡುವೆ ನಿಂತದ್ದನ್ನು ನಾನು ಕಂಡಿದ್ದು ಅದೇ ಮೊದಲು. ಆ ಬಕೆಟ್ಟನ್ನು ಇವಳು ಮತ್ತೆ ಮುಟ್ಟಕೂಡದು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಪಂಪು, ಪೈಪು, ನೀರು ಚಿಮ್ಮಿಸುವ ಗನ್ನು, ಇವೆಲ್ಲ ಒಂದೇ ದಿನದಲ್ಲಿ ಹೊಂದಿಕೆಯಾದವು. ಗಾಡಿ ನಿಂತದ್ದು ಎಂಜಿನ್ನಿನ ಹತ್ತಿರ. ಪಂಪು ತಿರುಗಲು ಪೆಟ್ರೋಲ್ ಎಂಜಿನ್ ಬೇಕು, ಸರಿ. ಯಾವುದು? ಮನೆಯಲ್ಲಿ ಮಹಾಯುದ್ಧ ಶುರುವಾಯಿತು.

"ಹದಿಮೂರು ಕುದುರೆ ಬಲದ್ದೇ ಆಗಬೇಕು," ಎಂದು ಯಜಮಾನರು ಘೋಷಿಸಿದರು. "ಅದರ ಆರ್ಭಟ ಕೇಳಿಯೇ ಪಾಚಿ ಅರ್ಧ ಎದ್ದು ಓಡಬೇಕು."

"ಮಾವ, ನಾವು ತೊಳೆಯೋದು ಅಂಗಳ, ಕೋಟೆ ಒಡೆಯೋದಲ್ಲ. ಅಷ್ಟು ದೊಡ್ಡದನ್ನ ಸ್ಟಾರ್ಟ್ ಮಾಡೋಕೆ ಹಗ್ಗ ಎಳೆಯೋರ್ಯಾರು?"

"ಯಾಕೆ, ನಾನು ಸತ್ತಿದ್ದೀನಾ?"

"ನೀವು ಬಾಟಲಿ ಮುಚ್ಚಳ ತೆಗೆಯೋಕೆ ನನ್ನ ಕರೀತೀರಿ, ಮಾವ."

"ಅದು ನಿನ್ನ ಮೇಲಿನ ಪ್ರೀತಿಗೆ ಕರೆಯೋದು!"

ನಾನು ಎಲ್ಲ ಕೇಳಿಸಿಕೊಂಡು ಕೊನೆಗೆ ಬಾಯಿ ಬಿಟ್ಟೆ. "ನೋಡಿ, ನಾವು ಹೋಗೋದು ಸಂಸಾರಸ್ಥರ ಮನೆಗೆ. ಮಗು ಮಲಗಿರುತ್ತೆ, ಕಾಯಿಲೆಯವರಿರ್ತಾರೆ. ಸದ್ದು ಕಮ್ಮಿ ಇರೋದು ಬೇಕು. ಪಕ್ಕದಲ್ಲಿ ನಿಂತು ಮೆತ್ತಗೆ ಮಾತಾಡಿದ್ರೂ ಕೇಳಿಸಬೇಕು."

ಅಂಗಡಿಗೆ ಮೂವರೂ ಹೋದೆವು. ಅಂಗಡಿಯವನು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ತಣ್ಣನೆಯ ಮನುಷ್ಯ. ಯಜಮಾನರು ಹದಿಮೂರು ಕುದುರೆಯ ಮುಂದೆ ನಿಂತು ತೋಳು ಮಡಚಿ ಹಗ್ಗ ಎಳೆದರು. ಎಂಜಿನ್ನು "ಕಿಸಕ್" ಎಂದಿತು. ಇನ್ನೊಮ್ಮೆ ಎಳೆದರು. "ಕಿಸಕ್." ಮೂರನೆಯ ಸಲ ಇಡೀ ವಂಶದ ಬಲವನ್ನೆಲ್ಲ ಕೂಡಿಸಿ ಎಳೆದರು. ಎಂಜಿನ್ನು ಇದ್ದಲ್ಲೇ ಇತ್ತು, ಯಜಮಾನರು ಹೋಗಿ ಪೈಪಿನ ಸುರುಳಿಗಳ ನಡುವೆ ಗೂಡಿನೊಳಗಿನ ಹಕ್ಕಿಯಂತೆ ಕೂತರು. ಅಂಗಡಿಯವನು ಬಂದು ಸುಮ್ಮನೆ ಒಂದೇ ಎಳೆತಕ್ಕೆ ಹೊತ್ತಿಸಿದ. ಅಂಗಡಿಯೇ ನಡುಗಿತು. ಕಪಾಟಿನ ಮೇಲಿದ್ದ ನಟ್ಟಿನ ಡಬ್ಬಿ ತಾನಾಗಿಯೇ ನಡೆದು ಬಂದು ಕೆಳಗೆ ಹಾರಿತು.

"ನಿಮ್ಮ ಪಂಪಿಗೆ ಇದು ಬೇಡ ಸಾರ್," ಎಂದ ಅವನು, ಎಂಜಿನ್ನು ನಿಲ್ಲಿಸಿ. "ಇಲಿಗೆ ಆನೆ ಗಂಟು ಹಾಕಿದ ಹಾಗಾಗುತ್ತೆ. ಪೆಟ್ರೋಲೂ ದಂಡ, ಪಂಪೂ ದಂಡ."

ಎರಡನೆಯದು ಒಂಬತ್ತು ಕುದುರೆಯದು, ಸೊಸೆಯ ಕಣ್ಣು ಅದರ ಮೇಲಿತ್ತು. ಓಡಿಸಿ ತೋರಿಸಿದ. ನಾನು ಕಣ್ಣು ಮುಚ್ಚಿ ಕೇಳಿದೆ. ಕೈಯೆತ್ತಿ ನಿಲ್ಲಿಸಿದೆ. "ಅಣ್ಣಾ, ಇದರ ಬಲಗಡೆ ಪಕ್ಕೆಯೊಳಗೆ ಏನೋ ಸಡಿಲ ಆಗಿದೆ."

"ಹೊಸ ಎಂಜಿನ್ ಅಜ್ಜಿ, ಪೆಟ್ಟಿಗೆ ಒಡೆದು ಇವತ್ತೇ ಇಟ್ಟಿದ್ದು."

"ಬಿಚ್ಚಿ ನೋಡು."

ಬಿಚ್ಚಿ ನೋಡಿದ. ಬಲಗಡೆ ಮುಚ್ಚಳದ ಬೋಲ್ಟು ಕೈಯಲ್ಲೇ ತಿರುಗಿತು. ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗಿಟ್ಟುಕೊಂಡ. ನನ್ನ ಕಿವಿಯ ಮುಂದೆ ತನ್ನ ಕಿವಿ ಪೆನ್ಸಿಲ್ ಇಡುವುದಕ್ಕೂ ಲಾಯಕ್ಕಲ್ಲ ಅನಿಸಿರಬೇಕು. ಅಲ್ಲಿಂದ ಮುಂದೆ ನನ್ನ ಮಾತೇ ವೇದವಾಕ್ಯ.

ಮೂರನೆಯದನ್ನು ತೋರಿಸಿ "ಇದು ಆರೂವರೆ ಕುದುರೆ" ಎಂದ.

"ಅರ್ಧ ಕುದುರೆ ಅಂದ್ರೆ ಮುಂದಿನರ್ಧವೋ ಹಿಂದಿನರ್ಧವೋ?" ಎಂದು ಪೈಪಿನ ಗೂಡಿನಿಂದ ಯಜಮಾನರ ದನಿ ಬಂತು. "ಹಿಂದಿನರ್ಧ ಆದ್ರೆ ಬರೀ ಒದೆಯುತ್ತೆ ನೋಡಿ."

ಸೊಸೆ ಹಗ್ಗ ಎಳೆದಳು. ಒಂದೇ ಸಲಕ್ಕೆ ಹೊತ್ತಿತು. ಆಹಾ, ಹೊಟ್ಟೆ ತುಂಬಿದ ಬೆಕ್ಕು ಗುರುಗುಟ್ಟಿದ ಹಾಗಿತ್ತು! ಸೊಸೆಗೆ ಶಕ್ತಿ ಸಾಲುತ್ತದೋ ಇಲ್ಲವೋ ಎಂಬ ಅನುಮಾನ. "ಪಾಚಿ ಏಳದಿದ್ರೆ ಏನ್ ಗತಿ ಅತ್ತೆ?" ಎಂದಳು. "ಏಳುತ್ತೆ. ನನ್ನ ಕಿವಿ ಹೇಳ್ತಿದೆ" ಎಂದೆ. ಅದನ್ನೇ ಮನೆ ತುಂಬಿಸಿಕೊಂಡೆವು.

ಮೊದಲ ಕೆಲಸ ಫೋನಿನಲ್ಲಿ ಬಂತು. ಹನ್ನೆರಡು ಮನೆಗಳ ಒಂದು ಓಣಿ, ಓಣಿಗೊಂದು ಸಂಘ, ಸಂಘಕ್ಕೊಬ್ಬರು ಅಧ್ಯಕ್ಷೆ. ಅವರು ರಿಟೈರಾದ ಟೀಚರಮ್ಮ. ಅವರ ಅಂಗಳ ಮೆಚ್ಚುಗೆಯಾದರೆ ಹನ್ನೆರಡೂ ಮನೆ ವರ್ಷಪೂರ್ತಿ ನಮ್ಮ ಸೊಸೆಗೆ. ಆಗದಿದ್ದರೆ? ಮೂಲೆಯಲ್ಲಿ ಬಕೆಟ್ ಕಾದಿತ್ತು. ಆ ಸೂಪರ್‌ವೈಸರ್ ಹೆಂಗಸು ಕೊಟ್ಟ ತಿಂಗಳಿಗೆ ನಾಲ್ಕೇ ದಿನ ಉಳಿದಿತ್ತು. "ಅನುಭವ ಇದೆಯಾ?" ಎಂದು ಟೀಚರಮ್ಮ ಫೋನಿನಲ್ಲಿ ಕೇಳಿದಾಗ, ದುರದೃಷ್ಟಕ್ಕೆ ಫೋನು ಯಜಮಾನರ ಕೈಯಲ್ಲಿತ್ತು.

"ಇಪ್ಪತ್ತು ಮನೆ ಮಾಡಿದ್ದೀವಿ ಮೇಡಂ!"

"ಮಾವ!" ಎಂದು ಸೊಸೆ ತಲೆ ಮೇಲೆ ಕೈ ಹೊತ್ತಳು.

"ಮುಂದೆ ಮಾಡೋದನ್ನ ಮುಂಚೇನೇ ಹೇಳಿದೆ. ಅದರಲ್ಲೇನು?" ಎಂದರು ಯಜಮಾನರು.

ಬೆಳಗ್ಗೆ ಎಂಟಕ್ಕೆ ಟೀಚರಮ್ಮನ ಗೇಟಿನಲ್ಲಿದ್ದೆವು. ಅಂಗಳ ಕಪ್ಪಗೆ, ಎಮ್ಮೆಯ ಬೆನ್ನಿನ ಹಾಗೆ ಹೊಳೆಯುತ್ತಿತ್ತು. ಟೀಚರಮ್ಮ ಬಾಗಿಲು ತೆರೆದು, ನಮ್ಮನ್ನು ಹಾಜರಿ ಕರೆಯುವಂತೆ ಒಬ್ಬೊಬ್ಬರನ್ನಾಗಿ ನೋಡಿ ಒಳಗೆ ಹೋದರು. ಸೊಸೆ ಗನ್ನು ಹಿಡಿದು ಅಂಗಳದ ಆ ತುದಿಗೆ ನಿಂತಳು. ನಾನು ಈ ತುದಿಯಲ್ಲಿ ಎಂಜಿನ್ನಿನ ಪಕ್ಕ ಸ್ಟೂಲು ಹಾಕಿಕೊಂಡು, ಪೆಟ್ರೋಲು ನೋಡುತ್ತಾ ಕೂತೆ. ಯಜಮಾನರು ಗೇಟಿನ ಬಳಿ ಪೈಪು ಸಿಕ್ಕಾಗದಂತೆ ಕಾಯಲು ನಿಂತರು.

ಎಂಜಿನ್ನು ಗುರುಗುಟ್ಟಿತು. ಮೊದಲ ಪಟ್ಟಿಯಲ್ಲೇ ಪಾಚಿ ಎದ್ದಿತು. ನನಗೆ ಹಿಗ್ಗೋ ಹಿಗ್ಗು. ಆದರೆ ಸೊಸೆಯ ಕೈ ನಡುಗುತ್ತಿತ್ತು. ಧೈರ್ಯ ಹೇಳಬೇಕಲ್ಲ, ಮೆತ್ತಗೆ ನಾಲ್ಕು ಮಾತು ಹೇಳಿದೆ.

"ಕೈ ನಡುಗಿಸಬೇಡ ಕಣೇ! ಮೊದಲನೇ ಮನೆ ಅಂತ ಗೊತ್ತಾಗಿಬಿಡುತ್ತೆ!"

ಅವಳು ತಿರುಗಿ ಕೈ ಅಲ್ಲಾಡಿಸಿದಳು. ಕೇಳಿಸಲಿಲ್ಲ ಎನ್ನುತ್ತಿದ್ದಾಳೆ ಎಂದುಕೊಂಡು ಇನ್ನೊಂಚೂರು ಬಿಡಿಸಿ ಹೇಳಿದೆ.

"ಇಪ್ಪತ್ತು ಮನೆ ಅಂತ ನಿಮ್ಮ ಮಾವ ಸುಳ್ಳು ಹೇಳಿದ್ದಾರೆ, ನೆನಪಿರಲಿ! ಆಯಮ್ಮ ಕೇಳಿದ್ರೆ ಇಪ್ಪತ್ತೇ ಅನ್ನು! ಹತ್ತೊಂಬತ್ತು ಅಂದುಬಿಟ್ಟೀಯ!"

ಅವಳು ಎರಡೂ ಕೈ ಎತ್ತಿ ಜೋರಾಗಿ ಅಲ್ಲಾಡಿಸಿದಳು. ಗನ್ನಿನ ನೀರು ಆಕಾಶಕ್ಕೆ ಹೋಗಿ ಅವಳ ಮೇಲೇ ಬಿತ್ತು. ಅಯ್ಯೋ ಪಾಪ, ಹೆದರಿದ್ದಾಳೆ!

"ಹೆದರಬೇಡ! ಟೀಚರು ನೋಡೋಕೆ ಹಂಗೆ, ಉರಿಮೋರೆ! ಒಳಗೊಳಗೆ ಒಳ್ಳೆಯವರಿದ್ದರೂ ಇರಬಹುದು! ಗೋಡೆಗೆ ಈ ಬಣ್ಣ ಹೊಡೆಸಿದ್ದಾರೆ ನೋಡು, ಕಣ್ಣೂ ಅಷ್ಟಕ್ಕಷ್ಟೆ! ಮೂಲೆ ಮೂಲೆ ಎಲ್ಲಾ ಕಾಣಿಸಲ್ಲ ಅವರಿಗೆ!"

ಗೇಟಿನ ಬಳಿ ಯಜಮಾನರು ಕಿವಿ ಮುಚ್ಚಿಕೊಂಡಿದ್ದರು. ಇಷ್ಟು ಮೆತ್ತನೆಯ ಎಂಜಿನ್ನಿಗೂ ಕಿವಿ ಮುಚ್ಚುತ್ತಾರಲ್ಲ, ನಾಜೂಕಿನ ಮನುಷ್ಯ ಎಂದುಕೊಂಡೆ. ಸೊಸೆ ಓಡಿ ಬಂದು ಎಂಜಿನ್ನು ಆರಿಸಿದಳು.

ತಲೆ ಎತ್ತಿ ನೋಡುತ್ತೇನೆ, ಹನ್ನೊಂದು ಮನೆಯ ಕಿಟಕಿಗಳಲ್ಲೂ ಜನ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

"ಏನಾಯ್ತೇ?"

"ಅತ್ತೆ, ಇಡೀ ಓಣಿಗೆ ಕೇಳಿಸ್ತು!"

"ಮೆತ್ತಗಲ್ವೇನೇ ಹೇಳಿದ್ದು!"

"ಮೆತ್ತಗೆ?" ಯಜಮಾನರು ಕಿವಿಯಿಂದ ಕೈ ತೆಗೆದರು. "ಗಿರಣಿ ಬಿಟ್ಟು ಐದು ವರ್ಷ ಆಯ್ತು ಮಾರಾಯ್ತಿ! ಪಕ್ಕದಲ್ಲಿ ಯಂತ್ರ ಓಡಿದ್ರೆ ಸಾಕು, ಅದನ್ನ ಮೀರಿಸಿ ಕೂಗ್ತೀಯ. ಸದ್ದಿಲ್ಲದ ಎಂಜಿನ್ ಹುಡುಕಿ ತಂದವಳು, ನಿನ್ನ ಸದ್ದನ್ನ ಗಿರಣೀಲೇ ಬಿಟ್ಟು ಬರೋದು ಮರೆತೆ!"

ಬಾಗಿಲು ತೆರೆಯಿತು. ಟೀಚರಮ್ಮ ಕನ್ನಡಕ ಹಾಕಿಕೊಂಡು ಬಂದರು.

"ಇಪ್ಪತ್ತು ಮನೆ ಮಾಡಿದವಳು ಯಾರಮ್ಮ? ಬಾ ಇಲ್ಲಿ."

ಸೊಸೆ ಒದ್ದೆ ಕೋಳಿಯಂತೆ ನಿಂತಳು. "ಮೇಡಂ, ಇದೇ ಮೊದಲನೇ ಮನೆ. ಸುಳ್ಳು ಹೇಳಿದ್ದು ತಪ್ಪಾಯ್ತು. ಆದ್ರೆ ಕೆಲಸ ಗೊತ್ತು. ಶುರು ಮಾಡಿದ್ದನ್ನ ಮುಗಿಸಿಕೊಡ್ತೀನಿ. ಇಷ್ಟ ಆಗದಿದ್ರೆ ದುಡ್ಡು ತಗೊಳ್ಳದೆ ಹೊರಟುಹೋಗ್ತೀವಿ."

ಟೀಚರಮ್ಮ ತಲೆಯಾಡಿಸಿದರು. ಎರಡು ಗಂಟೆ ಹೊತ್ತು ಅವಳು ತಲೆ ಎತ್ತದೆ ತೊಳೆದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ಕೊನೆಗೆ ಟೀಚರಮ್ಮ ಇಳಿದು ಬಂದು ಮೂಲೆ ಮೂಲೆ ನೋಡಿದರು, ನೀರಿನ ಟ್ಯಾಂಕಿನ ಹಿಂದೆ ಬಗ್ಗಿ ನೋಡಿದರು. (ಅವರ ಕಣ್ಣಿಗೆ ಏನೂ ಆಗಿರಲಿಲ್ಲ.) ಆಮೇಲೆ ಅಂಗಳದ ನಡುವೆ ನಿಂತುಬಿಟ್ಟರು.

"ಈ ಮನೆಗೆ ಬಂದು ಹದಿನೆಂಟು ವರ್ಷ ಆಯ್ತು. ಈ ನೆಲ ಕಪ್ಪು ಅಂತ್ಲೇ ತಿಳ್ಕೊಂಡಿದ್ದೆ. ಇದು ಕೆಂಪು!"

ಸೊಸೆಗೆ ಅಳು ಬಂತು. ನನಗೂ ಬಂತು. ಯಜಮಾನರಿಗೂ ಬಂದಿರಬೇಕು, ಪೈಪು ಸುತ್ತುವ ನೆಪದಲ್ಲಿ ಆ ಕಡೆ ತಿರುಗಿದರು.

"ಹನ್ನೆರಡೂ ಮನೆ ನೀನೇ ಮಾಡು," ಎಂದರು ಟೀಚರಮ್ಮ. "ಆದ್ರೆ ಒಂದು ಷರತ್ತು. ನಿಮ್ಮ ಎಂಜಿನ್ ಮೇಲೆ ನಂದೇನೂ ತಕರಾರಿಲ್ಲ, ಪಾಪ, ಅದು ಉಸಿರೇ ಎತ್ತಲ್ಲ. ಕೆಲಸ ಮುಗಿಯೋವರೆಗೂ ನಿಮ್ಮತ್ತೆ ನಮ್ಮನೆ ಒಳಗೆ ಬಾಗಿಲು ಹಾಕ್ಕೊಂಡು ಕೂರಬೇಕು."

"ಕೂರ್ತಾರೆ ಮೇಡಂ!" ಸೊಸೆ ನನಗೆ ಬಾಯಿ ತೆರೆಯಲು ಬಿಡಲಿಲ್ಲ.

"ಬೇಕಾದ್ರೆ ಬೀಗ ಹಾಕಿ," ಎಂದರು ಯಜಮಾನರು.

"ನಮ್ಮತ್ತೆಗೆ ತಾಳ್ಮೆ ಜಾಸ್ತಿ ಮೇಡಂ. ಎಷ್ಟು ಹೊತ್ತು ಮಾತಾಡಿದ್ರೂ ಬೇಜಾರಿಲ್ದೆ ಕೇಳ್ತಾರೆ," ಎಂದು ಸೊಸೆ ಪ್ರೀತಿಯಿಂದಲೇ ಸೇರಿಸಿದಳು.

"ಹೌದಾ?" ಟೀಚರಮ್ಮನ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು. ರಿಟೈರಾದ ಮೇಲೆ ಅವರೆದುರು ಕೈಕಟ್ಟಿ ಕೂತವರು ಯಾರೂ ಇರಲಿಲ್ಲವಂತೆ.

ಈಗ ಸೊಸೆ ಹೊರಗೆ ತೊಳೆಯುತ್ತಾಳೆ, ನಾನು ಒಳಗೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ. ಟೀಚರಮ್ಮ ಕೆಲಸಕ್ಕೆ ಸೇರಿದ ದಿನದಿಂದ ಶುರು ಮಾಡಿ, ಪಾಠ ಮಾಡಿದ ಒಂದೊಂದು ಕ್ಲಾಸು, ಒಂದೊಂದು ಬೆಂಚು, ಯಾವ ಬೆಂಚಿನಲ್ಲಿ ಯಾರು ಕೂರುತ್ತಿದ್ದರು ಎಂಬುದನ್ನೆಲ್ಲ ಹೇಳುತ್ತಾರೆ. ಎಂಜಿನ್ನಿನ ಸದ್ದಾದರೂ ಅಡ್ಡ ಬಂದೀತೆಂದು ಕಿವಿ ನಿಮಿರಿಸುತ್ತೇನೆ. ಎಲ್ಲಿಂದ ಬರಬೇಕು? ಅವರ ಒಂದು ಅಕ್ಷರವೂ ತಪ್ಪದೆ ಕೇಳಿಸುತ್ತದೆ. ಯಜಮಾನರ ಹದಿಮೂರು ಕುದುರೆ ಇದ್ದಿದ್ದರೆ ಕನಿಷ್ಠ ಅರ್ಧ ಪಾಠವನ್ನಾದರೂ ತುಳಿದುಕೊಂಡು ಹೋಗುತ್ತಿದ್ದವು.

ಏಳು ಮನೆ ತೊಳೆದಾಯಿತು. ಟೀಚರಮ್ಮ ಇನ್ನೂ ಐದನೇ ಕ್ಲಾಸಿನ ಬಿ ಸೆಕ್ಷನ್ನಿನಲ್ಲೇ ಇದ್ದಾರೆ. ನಿನ್ನೆಯಿಂದ ನಡುನಡುವೆ ಪ್ರಶ್ನೆ ಕೇಳಲು ಶುರು ಮಾಡಿದ್ದಾರೆ.