ಮುಳ್ಳಪ್ಪನವರು ಕಂಪ್ಯೂಟರ್ ಬಿಚ್ಚಿದ್ದು

"ಮೂವತ್ತು ವರ್ಷ ವಾಚಿನ ಹೊಟ್ಟೆ ಬಗೆದವನು ನಾನು. ಈ ಡಬ್ಬ ಯಾವ ಲೆಕ್ಕ? ಯಾರನ್ನೂ ಕರೀಬೇಡ," ಎಂದು ಮಂಗಳವಾರ ಬೆಳಿಗ್ಗೆ ಮುಳ್ಳಪ್ಪನವರು ಹೆಂಡತಿಗೆ ಅಭಯ ನೀಡಿದರು.

ಮುಳ್ಳಪ್ಪ ಎಂಬುದು ಅವರ ಹೆಸರಲ್ಲ. ಗಡಿಯಾರ ರಿಪೇರಿ ಅಂಗಡಿಯಲ್ಲಿ ದಿನವಿಡೀ ಗಂಟೆಮುಳ್ಳು, ನಿಮಿಷದ ಮುಳ್ಳುಗಳ ಜೊತೆ ಏಗುತ್ತಾರೆಂದು ಬೀದಿಯವರು ಇಟ್ಟ ಅಡ್ಡಹೆಸರು. ಆ ಹೆಸರಿಗೆ ಬೇರೆ ಕಾರಣವೂ ಇದೆ ಎಂದು ಹೆಂಡತಿ ಹೇಳುವುದುಂಟು.

ಹೆಂಡತಿ ಕಟ್ಟಡಗಳ ನಕ್ಷೆ ಬಿಡಿಸುವವಳು. ಊರಿಗೆ ಹೊಸದಾಗಿ ಬರಲಿದ್ದ ಗ್ರಂಥಾಲಯದೊಳಗೆ ನಡೆದಾಡಿದರೆ ಹೇಗೆ ಕಾಣುತ್ತದೆ ಎಂದು ತೋರಿಸುವ ಐದು ನಿಮಿಷದ ಚಿತ್ರವೊಂದನ್ನು ಆಕೆ ತಯಾರಿಸಬೇಕಿತ್ತು. ಶುಕ್ರವಾರ ಹನ್ನೊಂದಕ್ಕೆ ಸಮಿತಿಯ ಮುಂದೆ ಪ್ರದರ್ಶನ. ತೋರಿಸಿದರೆ ಕೆಲಸ ಆಕೆಗೆ; ಇಲ್ಲದಿದ್ದರೆ ಇನ್ನೊಬ್ಬರಿಗೆ. ಆ ಚಿತ್ರ ಮೂಡಿಬರಲು ಕಂಪ್ಯೂಟರ್ ಉಸಿರು ಬಿಡದೆ ಒಂಬತ್ತು ಗಂಟೆ ದುಡಿಯಬೇಕು. ಹಗಲಲ್ಲಿ ಅದಕ್ಕೆ ಬೇರೆ ಕೆಲಸವಿದ್ದದ್ದರಿಂದ ಭಾನುವಾರವೂ ಸೋಮವಾರವೂ ರಾತ್ರಿ ಊಟವಾದ ಮೇಲೆ ಕೆಲಸಕ್ಕೆ ಹಚ್ಚಿ ಮಲಗಿದಳು. ಎರಡು ದಿನವೂ ಬೆಳಿಗ್ಗೆ ಎದ್ದು ನೋಡಿದರೆ ಯಂತ್ರ ಕಪ್ಪು ಮುಖ ಹೊತ್ತು ತಣ್ಣಗೆ ಕೂತಿತ್ತು. ಚಿತ್ರ ಅರ್ಧಕ್ಕೇ ನಿಂತಿತ್ತು. ಮತ್ತೆ ಮೊದಲಿಂದ ಶುರು ಮಾಡಬೇಕು.

ಮುಳ್ಳಪ್ಪನವರ ಮೊದಲ ತೀರ್ಪು, ಪ್ಲಗ್ಗು ಸಡಿಲ. ಪ್ಲಗ್ಗು ಬದಲಾಯಿತು, ವೈರು ಬದಲಾಯಿತು, ಸಾಕೆಟ್ಟೂ ಬದಲಾಯಿತು. ಬುಧವಾರ ಬೆಳಿಗ್ಗೆ ಯಂತ್ರದ ಮುಖ ಮಾತ್ರ ಬದಲಾಗಿರಲಿಲ್ಲ.

"ಹಾಗಾದರೆ ಕಾಯಿಲೆ ಒಳಗಿದೆ," ಎಂದವರೇ ಅಂಗಡಿಗೆ ರಜೆ ಘೋಷಿಸಿ, ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಶಸ್ತ್ರಚಿಕಿತ್ಸೆಗೆ ನಿಂತರು. ಒಳಗಿನಿಂದ ಒಂದು ದಿಂಬಿಗಾಗುವಷ್ಟು ಧೂಳು ಬಂತು. ಅದನ್ನು ಹೆಂಡತಿಗೆ ತೋರಿಸಿ ಸಾಕಷ್ಟು ಕೊಂಕು ನುಡಿದಾಯಿತು. ಆಮೇಲೆ ಪುಟ್ಟ ಫ್ಯಾನನ್ನು ಕಳಚಿದರೆ, ಅದರಡಿಯ ಚೌಕದ ಮೇಲೆ ಬೂದು ಬಣ್ಣದ ಅಂಟಂಟು ಪದಾರ್ಥ. ಮುಳ್ಳಪ್ಪನವರು ಹತ್ತಿಗೆ ಸ್ಪಿರಿಟ್ ಅದ್ದಿ, ಅದು ಕನ್ನಡಿಯಂತೆ ಹೊಳೆಯುವವರೆಗೂ ಉಜ್ಜಿದರು. ಬಂದು ಮುಖ ನೋಡಿಕೋ ಎಂದು ಹೆಂಡತಿಯನ್ನು ಕರೆದರು.

ಆಕೆ ಬಗ್ಗಿ ನೋಡಿದಳು. "ಅದು ಕೊಳೆ ಅಂತ ಗ್ಯಾರಂಟಿನಾ?"

ಇಂಥ ಪ್ರಶ್ನೆಗೆಲ್ಲ ತಜ್ಞರು ಉತ್ತರಿಸುವುದಿಲ್ಲ. ಮುಳ್ಳಪ್ಪನವರು ಎಲ್ಲವನ್ನೂ ಮತ್ತೆ ಜೋಡಿಸಿ ಗುಂಡಿ ಒತ್ತಿದರು. ಯಂತ್ರ ಎದ್ದಿತು, ಎರಡು ನಿಮಿಷ ಕೆಂಡದ ಮೇಲೆ ನಿಂತಂತೆ ಅರಚಿತು, ಆರಿಹೋಯಿತು. ಮತ್ತೆ ಒತ್ತಿದರು. ಮತ್ತೆ ಅದೇ. ರಾತ್ರಿ ಮಾತ್ರ ಇದ್ದ ಕಾಯಿಲೆಯನ್ನು ಹಗಲಿಗೂ ವಿಸ್ತರಿಸಿಕೊಟ್ಟಿರಿ ಎಂದಳು ಹೆಂಡತಿ. ಕಾವು ಹೆಚ್ಚಾಗಿದೆ, ಗಾಳಿ ಸಾಲದು ಎಂದು ಅವರು ನಡುಮನೆಯ ದೊಡ್ಡ ಫ್ಯಾನನ್ನೇ ಎಳೆದು ತಂದು ಪೂರ್ಣ ವೇಗದಲ್ಲಿ ತಿರುಗಿಸಿದರು.

ಪಕ್ಕದ ಮೇಜಿನ ಮೇಲೆ ಗ್ರಂಥಾಲಯದ ನಕ್ಷೆಗಳಿದ್ದವು. ನೆಲಮಹಡಿ ಸೋಫಾದಡಿ ಸೇರಿತು. ವಾಚನಾಲಯ ತೊಟ್ಟಿಯ ನೀರಿಗೆ ಬಿತ್ತು. ಉಳಿದದ್ದು ಕಿಟಕಿಯಿಂದ ಹೊರಗೆ ಹೋಯಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ, "ನಿಮ್ಮ ಮೆಟ್ಟಿಲು ನಮ್ಮ ಹಿತ್ತಲಿಗೆ ಬಂದಿತ್ತಮ್ಮ," ಎಂದು ಒಂದು ಹಾಳೆ ಕೊಟ್ಟು ಹೋದರು.

ಆ ಸಂಜೆ ಹೆಂಡತಿ ಬೈಯಲಿಲ್ಲ. ಒದ್ದೆ ವಾಚನಾಲಯಕ್ಕೆ ಇಸ್ತ್ರಿ ಹಾಕುತ್ತಾ ಕೂತಳು. ಬೈದಿದ್ದರೆ ಎಷ್ಟೋ ಮೇಲಿತ್ತು ಅನಿಸಿತು ಮುಳ್ಳಪ್ಪನವರಿಗೆ. ಮೂರು ತಿಂಗಳಿಂದ ಆಕೆ ಈ ಕೆಲಸಕ್ಕಾಗಿ ಬೆನ್ನು ಮುರಿದದ್ದನ್ನು ಅವರು ಕಂಡಿದ್ದರು.

ಗುರುವಾರ ಬೆಳಿಗ್ಗೆ ಯಾರ ಅಪ್ಪಣೆಯನ್ನೂ ಕೇಳದೆ ಆಕೆ ಕಂಪ್ಯೂಟರ್ ರಿಪೇರಿಯವರಿಗೆ ಫೋನು ಮಾಡಿದಳು. ಬಂದವರು ನಲವತ್ತರ ಆಸುಪಾಸಿನ, ಮಾತು ಕಮ್ಮಿಯ ಹೆಂಗಸು. ಹೊಳೆಯುತ್ತಿದ್ದ ಚೌಕವನ್ನು ನೋಡಿ, ಬಿಸಿಯನ್ನು ಫ್ಯಾನಿಗೆ ದಾಟಿಸುವ ಪೇಸ್ಟನ್ನು ಯಾರು ಇಷ್ಟು ಶ್ರದ್ಧೆಯಿಂದ ಒರೆಸಿದ್ದು ಎಂದು ವಿಚಾರಿಸಿದರು. ಮುಳ್ಳಪ್ಪನವರಿಗೆ ಆಗಲೇ ಕಿಟಕಿಯಾಚೆ ಏನೋ ಮುಖ್ಯವಾದದ್ದು ಕಂಡಿತು. ಹೊಸ ಪೇಸ್ಟು ಹಚ್ಚಿದ ಮೇಲೆ ಯಂತ್ರದ ಅರಚಾಟ ನಿಂತಿತು.

"ಇದು ನಿನ್ನೆಯ ಗಾಯ ಆಯ್ತು. ಮೊದಲಿನ ಕಾಯಿಲೆ, ರಾತ್ರಿ ಎಷ್ಟು ಗಂಟೆಗೆ ಆಫ್ ಆಗ್ತಿತ್ತು?" ಎಂದು ರಿಪೇರಿಯವರು ಕೇಳಿದರು.

ಊರಿಗೆಲ್ಲ ಟೈಮು ಸರಿಮಾಡಿಕೊಡುವ ಮನುಷ್ಯನಿಗೆ ಮೂರು ದಿನದಲ್ಲಿ ಒಮ್ಮೆಯೂ ಟೈಮು ಕೇಳಬೇಕೆಂದು ಹೊಳೆದಿರಲಿಲ್ಲ.

ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದಂತೆ. ರಿಪೇರಿಯವರು ಅದನ್ನು ತೆರೆದು ತೋರಿಸಿದರು. ಭಾನುವಾರದ ರಾತ್ರಿ ಸರಿಯಾಗಿ ಒಂದು ಗಂಟೆ. ಸೋಮವಾರ ಒಂದು ಗಂಟೆ. ಮಂಗಳವಾರ ಒಂದು ಗಂಟೆ. ಒಂದು ಸೆಕೆಂಡೂ ಹಿಂದೆಮುಂದಿಲ್ಲ. ಇದು ಕಾಯಿಲೆಯಲ್ಲ, ಯಾರೋ ಕೊಟ್ಟಿಟ್ಟ ಆಜ್ಞೆ ಎಂದು ಅವರು ಪರದೆಯ ಮೇಲೆ ಇನ್ನೊಂದು ಕಿಟಕಿ ತೆರೆದರು. ಆಜ್ಞೆಗೆ ಹೆಸರೂ ಇತ್ತು. ಗಟ್ಟಿಯಾಗಿ ಓದಿದರು: "ಇವರು ಮಲಗಲಿ."

ಹೆಂಡತಿಯ ಕೈ ತಾನಾಗಿ ಬಾಯಿಗೆ ಹೋಯಿತು. "ರೀ, ಅದು ನಾನೇ. ಮರೆತೇಬಿಟ್ಟಿದ್ದೆ."

ಎರಡು ವರ್ಷದ ಹಿಂದೆ ಮುಳ್ಳಪ್ಪನವರಿಗೆ ಕಂಪ್ಯೂಟರಿನಲ್ಲಿ ಚದುರಂಗದ ಹುಚ್ಚು ಹತ್ತಿತ್ತು. ಕಂಡುಕೇಳರಿಯದವರ ಜೊತೆ ಬೆಳಗಿನ ಜಾವದವರೆಗೂ ಆಡಿ, ಅಂಗಡಿಯಲ್ಲಿ ತೂಕಡಿಸುತ್ತಾ ಗಿರಾಕಿಯೊಬ್ಬರ ವಾಚಿಗೆ ಗಂಟೆಮುಳ್ಳಿನ ಜಾಗದಲ್ಲಿ ನಿಮಿಷದ ಮುಳ್ಳು ಕೂರಿಸಿದ್ದರು. ಬುದ್ಧಿ ಹೇಳಿ ಸೋತ ಹೆಂಡತಿ, ಕಚೇರಿಯವರೊಬ್ಬರಿಂದ ಕಲಿತು ಈ ಬೀಗ ಜಡಿದಿದ್ದಳು. ನಾಲ್ಕು ದಿನ ಆಟದ ನಡುವೆಯೇ ಯಂತ್ರ ಆರಿಹೋದಾಗ ಇವರು ಬೇಸತ್ತು ಮಲಗತೊಡಗಿದರು. ಬರೀ ಮನೋಬಲದಿಂದ ಚಟ ಬಿಟ್ಟೆ ಎಂದು ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದರು. ಆಮೇಲೆ ಆ ಹೊತ್ತಿನಲ್ಲಿ ಯಂತ್ರ ಮುಟ್ಟಿದವರೇ ಇಲ್ಲವಾದ್ದರಿಂದ ಬೀಗ ಯಾರ ನೆನಪಿಗೂ ಬಂದಿರಲಿಲ್ಲ.

ಆ ರಾತ್ರಿಯ ಮಟ್ಟಿಗೆ ಆಜ್ಞೆಯನ್ನು ತಡೆಹಿಡಿದು ರಿಪೇರಿಯವರು ಹೊರಟರು. ಶುಕ್ರವಾರ ಬೆಳಿಗ್ಗೆ ಚಿತ್ರ ಪೂರ್ತಿಯಾಗಿ ಮೂಡಿತ್ತು. ಸಮಿತಿಯವರು ಎರಡು ಸಲ ಹಾಕಿಸಿ ನೋಡಿದರು. ಕೆಲಸ ಹೆಂಡತಿಗೇ ಸಿಕ್ಕಿತು. ಮುಳ್ಳಪ್ಪನವರು ಮೆಟ್ಟಿಲಿನ ಹಾಳೆ ಹಿಡಿದುಕೊಂಡು ಕೊನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಶನಿವಾರ ರಿಪೇರಿಯವರು ಫೋನು ಮಾಡಿ, ಆ ಹಳೇ ಆಜ್ಞೆ ಇನ್ನು ಬೇಡ ತಾನೇ, ಅಳಿಸುವುದು ಹೇಗೆಂದು ಹೇಳಿಕೊಡಲೇ ಎಂದು ಕೇಳಿದರು. ಮುಳ್ಳಪ್ಪನವರು ಎದುರಿಗೇ ಕೂತು ಕಿವಿ ನಿಮಿರಿಸಿದರು. ಹೆಂಡತಿ ಅವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಅಳಿಸೋದು ಬೇಡ. ಇವರಿಗೂ ವಯಸ್ಸು ಎರಡು ವರ್ಷ ಹೆಚ್ಚಾಯ್ತಲ್ಲ, ಒಂದರ ಬದಲು ಹನ್ನೊಂದಕ್ಕೆ ಇಡೋದು ಹೇಗೆ, ಅದನ್ನ ಹೇಳಿಕೊಡಿ."